ಮಾವನ ಟವಲ್ಲು ಹಿಡಿದ ಸೀಟು

ಭದ್ರಾವತಿ ಬಸ್ ನಿಲ್ದಾಣದಲ್ಲಿ ನನ್ನ ಸೋದರಮಾವನಿಗಿಂತ ಅವರ ಟವಲ್ಲಿಗೇ ಹೆಚ್ಚು ಮರ್ಯಾದೆ! ಶಿವಮೊಗ್ಗದ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅದನ್ನು ಕಿಟಕಿಯೊಳಗೆ ತೂರಿಬಿಡುತ್ತಾರೆ. ಟವಲ್ಲು ಬಿದ್ದ ಜೋಡಿ ಸೀಟು ಮಾವನದು. ಸಂವಿಧಾನದಲ್ಲಿ ಇಲ್ಲದಿದ್ದರೂ ನಮ್ಮ ಕಡೆ ಇದೇ ಕಾನೂನು.

ಆ ಟವಲ್ಲಿನ ಬಣ್ಣ? ದಿನವೂ ಕಂಡರೂ ಸರಿಯಾಗಿ ನೋಡಿದವನಲ್ಲ; ನನ್ನ ನೆನಪಿನಲ್ಲಿ ಕೆಂಪು. ಮಾವ ಮಾತ್ರ, 'ಯಾವತ್ತಿದ್ರೂ ಹಳದಿ ಕಣೋ' ಎನ್ನುತ್ತಾರೆ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಓದುವಾಗ ಎಲ್ಲವನ್ನೂ ಅನುಮಾನಿಸಲು ಕಲಿತೆ. ಮೊದಲು ಬಲಿಯಾದದ್ದು ನನ್ನ ನೆನಪೇ.

ಒಮ್ಮೆ ಟವಲ್ಲು ಗುರಿ ತಪ್ಪಿ, ಒಳಗೆ ಕೂತಿದ್ದ ಯಜಮಾನರೊಬ್ಬರ ಹೆಗಲ ಮೇಲೆ ಬಿತ್ತು. ಅವರು ಸನ್ಮಾನವೆಂದು ಭಾವಿಸಿ, ಎದ್ದು ನಿಂತು ಕೈ ಮುಗಿದರು. ತಿರುಗಿ ನೋಡುವಷ್ಟರಲ್ಲಿ ಮಾವ ಅವರ ಸೀಟಿನಲ್ಲಿದ್ದರು! (ಇದನ್ನು ಕಣ್ಣಾರೆ ಕಂಡೆನೋ, ಮಾವ ಹೇಳಿದ್ದನ್ನು ಕೇಳಿ ಕೇಳಿ ಕಂಡಂತಾಯಿತೋ, ಪ್ರಮಾಣ ಮಾಡಲಾರೆ.) ಇನ್ನೊಮ್ಮೆ ಅವಸರದಲ್ಲಿ ತರೀಕೆರೆ ಬಸ್ಸಿಗೆ ಎಸೆದುಬಿಟ್ಟರು. ಬಸ್ಸು ಹೊರಟೇ ಹೋಯಿತು. ಮರುದಿನ ಅದರ ಕಂಡಕ್ಟರ್ ಟವಲ್ಲನ್ನು ಮಡಿಸಿ ತಂದುಕೊಟ್ಟ. 'ತರೀಕೆರೆ ತನಕ ಕಿಟಕಿ ಪಕ್ಕಾನೇ ಕೂರಿಸಿದ್ದೆ ಕಣಣ್ಣ, ಒಂದ್ ಮಾತೂ ಆಡ್ಲಿಲ್ಲ. ನಿಮ್ದೇನಾ ಇದು?'

ಅಷ್ಟಕ್ಕೂ ಮಾವನಿಗೆ ಶಿವಮೊಗ್ಗದಲ್ಲಿ ಏನು ಕೆಲಸ? ಏನೂ ಇಲ್ಲ! ಕಾರ್ಖಾನೆಯಿಂದ ನಿವೃತ್ತರಾದವರು, ಮದುವೆಯ ತಂಟೆಗೆ ಹೋಗದವರು. ನಾನು ಭದ್ರಾವತಿಯಲ್ಲಿ ಕೆಲಸ ಮುಗಿಸಿ ಶಿವಮೊಗ್ಗದ ಕೋಟೆಯ ಬಳಿಯ ಬಾಡಿಗೆ ರೂಮಿಗೆ ಮರಳುವ ಸಂಜೆಯ ಬಸ್ಸಿನಲ್ಲಿ ದಿನವೂ ಜೊತೆಗೆ ಬರುತ್ತಾರೆ. ಶಿವಮೊಗ್ಗದಲ್ಲಿ ಇಳಿದು ಕಾಫಿ ಕುಡಿದು, ಭದ್ರಾವತಿ ಬಸ್ಸಿಗೆ ಟವಲ್ಲು ಎಸೆದು ವಾಪಸ್ಸಾಗುತ್ತಾರೆ. ದಾರಿಯುದ್ದಕ್ಕೂ ವಿಚಾರಣೆ.

'ಮಧ್ಯಾಹ್ನ ಏನ್ ತಿಂದ್ಯೋ?'

'ಅನ್ನ ಸಾರು.'

'ಯಾವ್ ಸಾರು?'

'ನೆನಪಿಲ್ಲ ಮಾವ.'

'ಸಾರೂ ನೆನಪಿಲ್ವಾ! ಇದಕ್ಕಾ ಮಾರಾಯ ನೀನು ಎಂ.ಎ. ಮಾಡಿದ್ದು?'

ಪಾಪ, ಒಂಟಿ ಜೀವ, ಮಾತಿಗೆ ಹಸಿದಿದೆ ಎಂದು ನಾನು ಸಹಿಸಿಕೊಂಡೆ. ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ ಎಂದು ಒಂದು ಸಂಜೆ ಉಪನ್ಯಾಸವನ್ನೂ ಕೊಟ್ಟೆ. ಮಾವ ತಲೆದೂಗಿ ಕೇಳಿದರು. ಮುಗಿದ ಮೇಲೆ, 'ಸರಿ, ಸಾರು ಯಾವ್ದು?' ಎಂದರು.

ಕಳೆದ ವಾರ ಒಂದು ಸಂಜೆ ನನಗೆ ತಡವಾಯಿತು. ಕಿಕ್ಕಿರಿದ ಬಸ್ಸನ್ನು ಹಿಂಬಾಗಿಲಿನಿಂದ ಹತ್ತಿದೆ. ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಮುಂದೆ ಮಾತ್ರ ಜಗಳ.

'ಯಾರ್ರೀ ಬರ್ತಾರೆ? ಟವಲ್ ತೆಗೀರಿ ಮೊದ್ಲು!' ಎಂದು ಒಬ್ಬ ಹೆಂಗಸು ಮಾವನನ್ನು ಗದರುತ್ತಿದ್ದರು.

ಮಾವನ ದನಿ ಎಂದಿಗಿಂತ ಸಣ್ಣದಾಗಿತ್ತು. 'ನಮ್ ಹುಡುಗ ಕಣಮ್ಮ. ಶಿವಮೊಗ್ಗದಲ್ಲಿ ಒಬ್ನೇ ಇರ್ತಾನೆ. ಬಸ್ಸಲ್ಲಿ ನಾನು ಮಾತಾಡಿಸ್ಲಿಲ್ಲ ಅಂದ್ರೆ ನಾಳೆ ತನಕ ಬಾಯೇ ಬಿಡಲ್ಲ ಅವನು.'

ನಾನೇ? ನೆನಪನ್ನು ತಡಕಾಡಿದೆ. ಹಿಂದಿನ ದಿನ ಮಾವ ವಾಪಸ್ಸು ಬಸ್ಸು ಹತ್ತಿದ ಮೇಲೆ ಯಾರೊಡನೆ ಮಾತಾಡಿದ್ದೆ? ಅಪರೂಪಕ್ಕೆ ನೆನಪು ಅನುಮಾನವಿಲ್ಲದೆ ಉತ್ತರ ಕೊಟ್ಟಿತು: ಯಾರೊಡನೆಯೂ ಇಲ್ಲ.

ಜನರ ನಡುವೆ ನುಸುಳಿ ಮುಂದೆ ಬಂದೆ. ಸೀಟನ್ನು ಆ ಹೆಂಗಸಿಗೆ ಬಿಟ್ಟು, ಮಾವನ ಪಕ್ಕ ಕಂಬಿ ಹಿಡಿದು ನಿಂತೆ. ಅವರು ಬಾಯಿ ತೆರೆಯುವ ಮೊದಲೇ ಹೇಳಿದೆ:

'ಇವತ್ತು ಹುರುಳಿ ಸಾರು ಮಾವ. ನೀವೇನು ತಿಂದ್ರಿ?'

ಮಾವ ಮಡಿಲಿನ ಟವಲ್ಲನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಹಳದಿಯೇ.