ಏಳಲು ಮನಸ್ಸೇ ಬಾರದ ಹಾಸಿಗೆ

ಅಂಗಡಿಗೆ ಹತ್ತು ವರ್ಷ ತುಂಬಿತೆಂದು ಬೆಳಿಗ್ಗೆ ಕತ್ತರಿಸಿದ ಕೇಕೇ ಎಲ್ಲಕ್ಕೂ ಮೂಲ. ಹಾಸಿಗೆ ಅಂಗಡಿಯ ಸೇಲ್ಸ್‌ಮನ್ ಚಡಪಡಿ ಅದರಲ್ಲಿ ಐದು ತುಂಡು ಬಾರಿಸಿದ. ನಿಂತಲ್ಲಿ ನಿಲ್ಲದ ಈ ಆಸಾಮಿಗೆ ಆ ಹೆಸರಿಟ್ಟವಳು ಕ್ಯಾಷಿಯರ್ ಅಕ್ಕ. ಪಾಪ, ಎಷ್ಟು ತಿಂದರೂ ಮೈಗೆ ಹತ್ತುತ್ತಿರಲಿಲ್ಲ. ಕೈ ಸದಾ ನಡುಗುತ್ತಿತ್ತು.

ಹೋದ ವಾರ ಕಾಲು ಸೋತು ಅಂಗಡಿಯ ಹಾಸಿಗೆಯ ಮೇಲೆ ಒರಗಿದ್ದಾಗ ಯಜಮಾನರ ಕಣ್ಣಿಗೆ ಬಿದ್ದಿದ್ದ.

"ಇನ್ನೊಂದ್ಸಲ ಮಲಗಿದ್ದು ಕಂಡ್ರೆ, ನಾಳೆಯಿಂದ ಮನೇಲೇ ಮಲಗ್ಕೋ!"

ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಅಂದಿನಿಂದ ಅವನಿಗೆ ಹಾಸಿಗೆ ಕಂಡರೆ ಹಾವು ಕಂಡಂತಾಗುತ್ತಿತ್ತು.

ಇವತ್ತು ಮಧ್ಯಾಹ್ನದವರೆಗೂ ಅಟ್ಟದಿಂದ ಹಾಸಿಗೆ ಹೊತ್ತು ಇಳಿಸಿದ್ದಾಯಿತು. ಆಮೇಲೆ ಒಬ್ಬ ಅಜ್ಜಿ ಬಂದು ಹಟ ಹಿಡಿದಳು. "ನೀನೇ ಮಲಗಿ ತೋರಿಸಪ್ಪಾ."

ಯಜಮಾನರು ಊಟಕ್ಕೆ ಹೋಗಿದ್ದರು. ಚಡಪಡಿ ಮಲಗಿದ. ಸ್ವಲ್ಪ ಹೊತ್ತಿಗೆ ಯಜಮಾನರ ಸ್ಕೂಟರ್ ಸದ್ದು ಕೇಳಿಸಿತು.

"ಏಳೋ!" ಎಂದಳು ಅಕ್ಕ.

"ಅಕ್ಕಾ, ಕಾಲೇ ಬರ್ತಿಲ್ಲ!"

"ನಾಟಕ ಸಾಕು, ಬಂದೇಬಿಟ್ರು!"

ಅಕ್ಕ ಒಂದು ಕೈ, ಅಜ್ಜಿ ಇನ್ನೊಂದು ಕೈ ಹಿಡಿದು ಎಳೆದರು. ಅವನು ನೆನೆದ ಗೋಣಿಚೀಲದಂತೆ ಮತ್ತೆ ಅಲ್ಲಿಗೇ ಜಾರಿದ. ಅಜ್ಜಿ ಬೆರಗಾದಳು.

"ಅಬ್ಬಬ್ಬಾ, ಎಂಥಾ ಹಾಸಿಗೆ! ಮಲಗಿದ್ರೆ ಏಳೋಕೇ ಮನಸ್ಸು ಬರಲ್ಲ! ನಂಗೆರಡು ಕೊಡಿ!"

ಅಜ್ಜಿಯ ಮಾತು ಕೇಳಿ ಬೀದಿಯ ಜನವೆಲ್ಲ ಹಾಸಿಗೆ ಕೊಳ್ಳಲು ಒಳಗೆ ನುಗ್ಗಿತು. ಯಜಮಾನರು ಗಾಬರಿಯಿಂದ ಫೋನ್ ಮಾಡಿ ಕರೆಸಿದ ಆಂಬುಲೆನ್ಸ್ ಬರುವಷ್ಟರಲ್ಲಿ ಅಂಗಡಿಯಲ್ಲಿ ಉಳಿದಿದ್ದು ಚಡಪಡಿ ಮಲಗಿದ್ದ ಹಾಸಿಗೆ ಒಂದೇ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿದರು. "ಕತ್ತಿನ ಥೈರಾಯ್ಡ್ ಗ್ರಂಥಿ ವಿಪರೀತ ಕೆಲಸ ಮಾಡ್ತಿದೆ. ಅದರ ಜೊತೆ ಅಷ್ಟು ಸಿಹಿ, ಅಷ್ಟು ದುಡಿತ, ಆಮೇಲೆ ವಿಶ್ರಾಂತಿ. ರಕ್ತದಲ್ಲಿದ್ದ ಪೊಟ್ಯಾಸಿಯಂ ಸ್ನಾಯುಗಳ ಒಳಗೆ ಹೋಗಿ ಕೂತಿದೆ. ಅದಕ್ಕೇ ಕಾಲು ಏಳ್ತಿಲ್ಲ."

ಪೊಟ್ಯಾಸಿಯಂ ಕೊಟ್ಟರು. ಸಂಜೆಗೆ ಕಾಲು ಆಡಿತು. ಮಂಚದ ಪಕ್ಕದಿಂದ ಕದಲದೆ ಕೂತಿದ್ದ ಯಜಮಾನರು ಕಣ್ಣೊರೆಸಿಕೊಂಡರು.

"ಜೀವ ಬಾಯಿಗೆ ಬಂದಿತ್ತು ಕಣೋ!"

"ಯಜಮಾನ್ರೇ, ನನ್ನ ಕೆಲಸ?"

"ಎಲ್ಲಿ ಹೋಗುತ್ತೆ? ಮೊದಲು ಹುಷಾರಾಗು."

ಹತ್ತು ದಿನ ಕಳೆದು ಚಡಪಡಿ ಮಾತ್ರೆಯ ಡಬ್ಬಿ ಜೇಬಿಗಿಟ್ಟುಕೊಂಡು ಖುಷಿಯಿಂದ ಬಂದ. ಅಂಗಡಿಯ ಮುಂದಿನ ಗಾಜಿನ ಹಿಂದೆ ಅದೇ ಹಾಸಿಗೆ, ಮೇಲೊಂದು ಬೋರ್ಡು: 'ಏಳಲು ಮನಸ್ಸೇ ಬಾರದ ಹಾಸಿಗೆ'.

"ಬಾಪ್ಪಾ," ಯಜಮಾನರು ದಿಂಬು ತಟ್ಟಿದರು. "ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಇಲ್ಲಿ ಮಲಗೋದೇ ನಿನ್ನ ಕೆಲಸ."

"ಯಜಮಾನ್ರೇ, ಕಾಲು ಸರಿಹೋಗಿದೆ! ನನಗೆ ಒಂದು ನಿಮಿಷ ಸುಮ್ಮನಿರೋಕಾಗಲ್ಲ!"

ಯಜಮಾನರು ಅಕ್ಕರೆಯಿಂದ ಅವನಿಗೆ ಹೊದಿಕೆ ಹೊದಿಸಿದರು.

"ಒಂದ್ಸಲ ಎದ್ದಿದ್ದು ಕಂಡ್ರೆ, ನಾಳೆಯಿಂದ ಮನೇಲೇ ಓಡಾಡ್ಕೋ."

ಕೌಂಟರಿನಿಂದ ಕ್ಯಾಷಿಯರ್ ಅಕ್ಕ ಆಗಲೇ ಕೂಗಿದಳು: "ಯಜಮಾನ್ರೇ, ಹೆಬ್ಬೆರಳು ಅಲ್ಲಾಡಿಸ್ತಿದ್ದಾನೆ!"