ನೆಲೋಗಿ ಅಡವಿಯ ಹವಾ

ಗಾಳಿ ನೋಡುವುದರಲ್ಲಿ ಏನು ಕಷ್ಟ? ಗಾಳಿ ಎಲ್ಲಿಗೂ ಓಡಿಹೋಗುವುದಿಲ್ಲ, ಎದುರು ಮಾತಾಡುವುದಿಲ್ಲ. ಹಾಗಂದುಕೊಂಡೇ ನಾನು ಆ ಕೆಲಸ ಒಪ್ಪಿಕೊಂಡೆ.

ನೆಲೋಗಿ ಆಚೆಯ ಅಡವಿಯಲ್ಲಿ, ಮನುಷ್ಯರ ಸುಳಿವಿಲ್ಲದ ಕಡೆ, ಗಾಳಿ ಎಳೆದುಕೊಳ್ಳುವ ಒಂದು ಪೆಟ್ಟಿಗೆ ಇಡಬೇಕು. ಒಳಗಿನ ಬಿಳಿ ಕಾಗದದ ಮೇಲೆ ಎಷ್ಟು ಧೂಳು ಕೂಡುತ್ತದೆ ನೋಡಬೇಕು. ದೂರದ ಗುಡಿಯ ಶಿಖರ ಕಾಣುತ್ತದೋ ಇಲ್ಲವೋ ಬರೆದುಕೊಳ್ಳಬೇಕು. ಇಷ್ಟೇ!

"ಸಿಮೆಂಟ್ ಫ್ಯಾಕ್ಟರಿ ಹವಾದ ಜೋಡಿ ಹೋಲಿಸಾಕ ಸ್ವಚ್ಛ ಹವಾ ಬೇಕಾಗ್ಯಾದ. ಮೂರು ದಿನದ ಮೂರು ಕಾಗದ ತಂದುಕೊಡ್ರಿ, ನಿಮ್ಮ ಗುಲಬರ್ಗಾ ವರ್ಗಾವಣೆಗೆ ಸಹಿ ಹಾಕ್ತೇನಿ" ಎಂದರು ನಮ್ಮ ಮಾಲಿನ್ಯ ನಿಯಂತ್ರಣ ಕಚೇರಿಯ ಸಾಹೇಬರು.

ಮಗಳು ಗುಲಬರ್ಗಾದ ಕಾಲೇಜಿಗೆ ಸೇರಬೇಕಿತ್ತು. ನಾವು ಜೇವರ್ಗಿಯಲ್ಲಿದ್ದೆವು. ಹೆಂಡತಿ ಶಾಂತಾ ಬುತ್ತಿ ಕಟ್ಟುತ್ತ, "ಇದೊಂದಾದ್ರೂ ನೆಟ್ಟಗ ಮಾಡ್ಕೊಂಡ್ ಬರ್ರಿ" ಎಂದಳು. ಆ 'ಆದ್ರೂ' ನನಗೆ ಚೆನ್ನಾಗಿ ಕೇಳಿಸಿತು. ಬುತ್ತಿ ಎತ್ತಿಕೊಂಡು ಹೊರಟೆ.

ಎರಡು ದಿನ ಕಾಗದ ಹಾಲಿನಂತೆ ಬೆಳ್ಳಗಿತ್ತು. ಮೂರನೆಯ ದಿನ ಸುಮ್ಮನೆ ಅಡವಿಗೆ ಹೋಗಿದ್ದರೆ ಮುಗಿದೇ ಹೋಗುತ್ತಿತ್ತು. ನನಗೆ ನೆಲೋಗಿಯ ಹೋಟೆಲಿನಲ್ಲಿ ಚಹಾ ಕುಡಿಯುವ ಬುದ್ಧಿ ಬಂತು! ಅದು ಚುನಾವಣೆಯ ವಾರ ಎಂಬುದು ನೆನಪೇ ಇರಲಿಲ್ಲ. ಪಕ್ಕದ ಬೆಂಚಿನ ಮೇಲೆ ಕೂತಿದ್ದವರು ಶರಣಪ್ಪಗೌಡರು. ಅವರ ಅಳಿಯ ಆ ಸಲ ಚುನಾವಣೆಗೆ ನಿಂತಿದ್ದ.

"ಯಾವ ಕೆಲಸಕ್ಕ ಬಂದೀರಿ ಸಾಹೇಬ್ರ?"

"ಹವಾ ನೋಡಾಕ ಬಂದೇನ್ರಿ. ಸರ್ಕಾರಕ್ಕ ರಿಪೋರ್ಟ್ ಕೊಡಬೇಕು."

ಗೌಡರು ಬಸಿಗೆ ಸುರುವಿದ್ದ ಚಹಾ ಹಾಗೇ ಕೆಳಗಿಟ್ಟರು. "ಹವಾ ಹೆಂಗದರಿ ಮತ್ತ?"

"ಭಾಳ ಚಲೋ ಅದರಿ. ಮಂದೀನೇ ಇಲ್ಲ ನೋಡ್ರಿ!"

"ಮಂದಿ ಇಲ್ಲಾ?" ಗೌಡರ ಮುಖ ಕಪ್ಪಿಟ್ಟಿತು. "ಹಂಗ ಬರೀಬ್ಯಾಡ್ರಿ. ಎಲ್ಲಿ ನೋಡ್ತೀರಿ ಹೇಳ್ರಿ, ಮಂದಿ ತೋರಸ್ತೇನಿ."

ಪಾಪ, ಹಿರಿಯರು ಆಸಕ್ತಿಯಿಂದ ಕೇಳುತ್ತಿದ್ದಾರೆ ಎಂದು ನಾನು ದಾರಿ ಕೂಡ ಹೇಳಿಕೊಟ್ಟೆ. ನನ್ನಂಥ ಹುಚ್ಚಪ್ಪ ಇನ್ನೊಬ್ಬನಿಲ್ಲ.

ಅಡವಿಗೆ ಹೋಗಿ ಪೆಟ್ಟಿಗೆ ಇಟ್ಟು ಕೂತಿದ್ದೆ, ಹನ್ನೊಂದು ಗಂಟೆಗೆ ಪೂರ್ವದಿಂದ ಆರು ಟ್ರ್ಯಾಕ್ಟರ್ ಬಂದವು. ಹಲಗಿ, ಪಟಾಕಿ, ಜೈಕಾರ! ಸುದ್ದಿ ಎದುರು ಪಾರ್ಟಿಗೂ ಮುಟ್ಟಿತ್ತು. ಅವರು ಪಶ್ಚಿಮದಿಂದ ಜೀಪುಗಳಲ್ಲಿ ಬಂದರು. "ಯಾರ ಹವಾ?" ಎಂದು ಇವರು ಕೂಗಿದರೆ, "ನಮ್ಮ ಹವಾ!" ಎಂದು ಅವರು. ಎರಡೂ ಕಡೆಯವರು ನನ್ನ ಪೆಟ್ಟಿಗೆಯ ಸುತ್ತ ಗಾಡಿ ಸುತ್ತಿಸತೊಡಗಿದರು. ಮೊದಲು ಗುಡಿಯ ಶಿಖರ ಕಾಣದಾಯಿತು. ಆಮೇಲೆ ಪೆಟ್ಟಿಗೆ ಕಾಣದಾಯಿತು. ಕೊನೆಗೆ ನನ್ನ ಕೈ ನನಗೇ ಕಾಣಲಿಲ್ಲ.

ಕೆಮ್ಮುತ್ತ ಓಡಿಹೋಗಿ ಗೌಡರ ಕೈ ಹಿಡಿದುಕೊಂಡೆ. "ಗೌಡ್ರ, ನಿಮ್ಮ ಕಾಲಿಗೆ ಬೀಳ್ತೇನಿ, ಹವಾ ಕೆಡಾಕತ್ತದರಿ!"

ಗೌಡರು ಗಾಬರಿಯಾಗಿ ಹಿಂದೆ ತಿರುಗಿದರು. "ಲೇ, ಹವಾ ಕೆಡಾಕತ್ತದಂತ! ಇನ್ನ ನಾಕು ಟ್ರ್ಯಾಕ್ಟರ್ ತರಸ್ರಲೇ!"

ಸಂಜೆ ಕಾಗದ ತೆಗೆದರೆ ರೊಟ್ಟಿ ಹಂಚಿನ ತಳದ ಬಣ್ಣ. ನಿಜ ಹೇಳೋಣವೆಂದರೆ, ಸರ್ಕಾರಿ ನೌಕರ ಚುನಾವಣೆಯ ಮಂದಿಯನ್ನು ತಾನೇ ದಾರಿ ಹೇಳಿ ಕರೆಸಿದ ಎಂದಾಗುತ್ತದೆ. ನೌಕರಿಗೇ ಕುತ್ತು! ಬಾಯಿ ಮುಚ್ಚಿಕೊಂಡು ಮೂರೂ ಕಾಗದ ಸಾಹೇಬರ ಮುಂದಿಟ್ಟೆ.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಫ್ಯಾಕ್ಟರಿ ಬಾಗಲದಾಗೂ ಇಷ್ಟು ಧೂಳಿಲ್ಲಲ್ರೀ! ಅಡವ್ಯಾಗ ಎಲ್ಲಿಂದ ಬಂತು? ಇದನ್ನ ಬಿಡಬಾರದು. ಇನ್ನೊಂದು ವರ್ಷ ನೀವು ನೆಲೋಗ್ಯಾಗೇ ಇದ್ದು ದಿನಾ ನೋಡ್ರಿ."

ಮನೆಗೆ ಬಂದು ಹೇಳಿದೆ. ಮಗಳು ಎದ್ದು ಒಳಗೆ ಹೋದಳು. ಶಾಂತಾ ಮಾತ್ರ ಟ್ರಂಕು ಕೆಳಗಿಳಿಸಿದಳು. "ಗುಲಬರ್ಗಾದಾಗ ನಮ್ಮಣ್ಣ ಅದಾನ. ನಾನೂ ಮಗಳೂ ಅಲ್ಲೇ ಇರ್ತೇವಿ. ನೀವು ಹವಾ ನೋಡ್ರಿ."

ಈಗ ನೆಲೋಗಿಯಲ್ಲಿ ಒಬ್ಬನೇ ಇದ್ದೇನೆ. ರೊಟ್ಟಿ ನಾನೇ ಬಡಿಯುತ್ತೇನೆ, ಸುಟ್ಟದ್ದನ್ನೂ ನಾನೇ ತಿನ್ನುತ್ತೇನೆ. ಮೊನ್ನೆ ಗೌಡರು ಎದುರಿಗೆ ಸಿಕ್ಕರು. ಅಳಿಯ ಸೋತಿದ್ದ. ಅವರು ಮುಖ ತಿರುಗಿಸಿಕೊಂಡು ಹೋಗುತ್ತ, ಪಕ್ಕದವನಿಗೆ ನನ್ನನ್ನು ತೋರಿಸಿ ಹೇಳಿದರು:

"ಹವಾ ಕೆಡಿಸಿದಾಂವ ಇವನ ನೋಡು!"