ಲಂಗೋಟಿಯ ಬಂದೋಬಸ್ತ್

“ಇವತ್ತಿನಿಂದ ಈ ಮನ್ಯಾಗ ಲಂಗೋಟಿ ವಾಸನಿ ಬಿಲ್ಕುಲ್ ಬಂದ್!” ಎಂದು ಹುಮನಾಬಾದಿನ ಸಂಜೀವಕುಮಾರ ಪಡಸಾಲೆಯ ನಡುವೆ ನಿಂತು ಸಾರಿದ. ಅವನ ಮೂರು ತಿಂಗಳ ಮಗ ತೊಟ್ಟಿಲಲ್ಲಿ ಅಂದಿನ ಏಳನೆಯ ಲಂಗೋಟಿಯನ್ನು ಒದ್ದೆ ಮಾಡುತ್ತಿದ್ದ.

ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಕೂಸಿಗೆ ಆ ವೇಳಾಪಟ್ಟಿ ಗೊತ್ತಿಲ್ಲ! ಬಳಸಿದ ಬಟ್ಟೆಯೆಲ್ಲ ಬಚ್ಚಲಲ್ಲಿ ಗುಡ್ಡೆ ಬಿದ್ದು, ಬಸವಕಲ್ಯಾಣದಿಂದ ಬಾಣಂತನ ಮುಗಿಸಿ ಬಂದ ಹೆಂಡತಿ ಸ್ನೇಹಲ್‌ಗೆ ಆ ನಾತಕ್ಕೆ ಅನ್ನ ಸೇರುತ್ತಿರಲಿಲ್ಲ.

“ರೀ, ನಿಮ್ಮ ಬಂದೋಬಸ್ತ್ ಬ್ಯಾಡ. ದಿನಾ ಎರಡು ಕೊಡ ನೀರು ತಂದು ತೊಳದು ಹಾಕ್ರಿ, ಸಾಕು. ಬಗ್ಗಿದ್ರ ನನಗ ಹೊಟ್ಟಿ ಹೊಲಿಗಿ ಇನ್ನೂ ಜಗ್ಗತದ. ಆಗಂಗಿಲ್ಲ ಅಂದ್ರ ಹೇಳ್ರಿ, ತವರಿಗೆ ಹೋಗ್ತೀನಿ.”

“ತೊಳಿಯೋದು ಯಾವ ದೊಡ್ಡ ಮಾತು? ಕೂಡಿಡೋದ್ರಾಗ ಅದ ಖರೆ ವಿದ್ಯಾ!”

ಕೈಗೆ ನೀರು ಸೋಕದಂತೆ ಅಪ್ಪನಾಗುವ ವಿದ್ಯೆ! ಮೊಬೈಲ್ ತೆರೆದು ಓದಿದ. ಸೋಡಾಪುಡಿ ಉದುರಿಸಿ ಎಂದಿತ್ತು, ಉದುರಿಸಿದ. ಗಾಳಿಯಾಡಲು ಬಿಡಿ ಎಂಬ ಮುಂದಿನ ಸಾಲು ಮಾತ್ರ ಓದಲಿಲ್ಲ. ಅರ್ಧ ಓದಿ ಎದ್ದುಬಿಡುವುದು ಅವನ ಹಳೆಯ ಚಾಳಿ. ಮಾವನ ಮನೆಯಿಂದ ಬಾಣಂತಿಗೆಂದು ಅಂಟಿನುಂಡಿ ತುಂಬಿಕೊಂಡು ಬಂದಿದ್ದ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಲಂಗೋಟಿಗಳನ್ನು ತುರುಕಿ, ಮುಚ್ಚಳ ಬಿಗಿದು, ಮೇಲೊಂದು ಬಟ್ಟೆ ಕಟ್ಟಿ, ತಾಯಿಗೂ ಹೇಳದೆ ಅಡುಗೆಮನೆಯ ಮೂಲೆಯಲ್ಲಿಟ್ಟ. ಮೂರು ದಿನ ಮನೆ ಕೈಲಾಸ! ಅವನು ಮೂಗರಳಿಸಿಕೊಂಡು ತಿರುಗಿದ.

ನಾಲ್ಕನೆಯ ದಿನ ಅವನು ಹಳ್ಳಿಖೇಡಕ್ಕೆ ಕೆಲಸಕ್ಕೆ ಹೋದಾಗ, ಮಾವ ಮಹಾರುದ್ರಪ್ಪ ಮೊಮ್ಮಗನನ್ನು ನೋಡಲು ಬಂದರು. ಹೊರಡುವ ಹೊತ್ತಿಗೆ ಸ್ನೇಹಲ್ ಒಳಕೋಣೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಬೀಗರ ಡಬ್ಬಿ ಖಾಲಿ ಕಳಿಸಬಾರದಲ್ಲ! ಸಂಜೀವಕುಮಾರನ ತಾಯಿ ಸೂಗಮ್ಮ ಡಬ್ಬಿ ಎತ್ತಿ ನೋಡಿದರು. ಭಾರ! ಮೇಲೆ ಬಟ್ಟೆ ಬೇರೆ ಕಟ್ಟಿದೆ.

“ನನ್ನ ಮಗ ಎಷ್ಟ್ ಶಾಣ್ಯಾ! ಹೇಳೂದಕ್ಕ ಮೊದಲೇ ತುಂಬಿಸಿಟ್ಟಾನ. ತೊಗೋರಿ ಬೀಗರ, ಓಣಿ ಮಂದಿಗೆಲ್ಲಾ ಹಂಚ್ರಿ!”

ಸಂಜೆ ಫೋನ್ ಬಂತು.

“ಅಳಿಯಂದ್ರ, ಡಬ್ಬಿ ತೆಗದ್ವಿ. ಉಂಡಿ ತಿನ್ನಾಕ ಬಂದ ಮಂದಿ ಎಲ್ಲಾ ಎದ್ದು ಹೋದ್ರು” ಎಂದು ಮಾವ ಫೋನಿಟ್ಟರು.

ಸಂಜೀವಕುಮಾರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸ್ನೇಹಲ್ ಗೋಡೆಗೆ ಒರಗಿ ಅಳುತ್ತಿದ್ದಳು.

“ಇವತ್ತ ಮಧ್ಯಾಹ್ನ ಅಪ್ಪಗ ಏನಂದೀನಿ ಗೊತ್ತದ ಏನ್ರಿ? ‘ನಮ್ಮನಿಯವರೇ ಎಲ್ಲಾ ತೊಳೀತಾರ, ನನಗ ಕೈ ಹಚ್ಚಗೊಡಂಗಿಲ್ಲ’ ಅಂದೀನಿ. ನಿಮ್ಮ ಮಾನ ಉಳಸಾಕ ಸುಳ್ಳು ಹೇಳಿದ್ರ, ಅದನ್ನ ಡಬ್ಬಿ ತುಂಬಿ ಅವರ ಮನಿಗೇ ಮುಟ್ಟಿಸಿದ್ರಲ್ಲ!”

“ನಾ ಕಳಸಿಲ್ಲ, ಅವ್ವ ಕಳಸ್ಯಾಳ!”

“ತೊಳದಿದ್ರ ಆಕಿ ಏನ್ ಕಳಸ್ತಿದ್ಲು?”

ಅಷ್ಟಾದರೂ ಬಚ್ಚಲಿಗೆ ಹೋದನೇ? ಎಲ್ಲಿಯ ಮಾತು! ಬೇರೆ ಡಬ್ಬಿ ಹುಡುಕಲು ಹೋದ.

ಅದಾದ ಮೂರನೆಯ ದಿನ ಮಹಾರುದ್ರಪ್ಪ ಒಂದು ಗಂಟು ಹಿಡಿದು ಬಂದರು. ಬಿಚ್ಚಿದರೆ ಲಂಗೋಟಿಗಳು, ಮಲ್ಲಿಗೆಯಂತೆ ಬಿಳಿ, ಅಂಚಿಗೆ ಅಂಚು ಕೂಡಿಸಿ ಮಡಚಿದ್ದು.

“ಯಾರು ತೊಳದ್ರು ಮಾವಾರ?”

“ನಾನೇ. ಮನ್ಯಾಗ ಯಾರೂ ಹತ್ರ ಸುಳೀಲಿಲ್ಲ. ಮೊದಲ ಎರಡಕ್ಕ ಮೂಗಿಗೆ ಬಟ್ಟಿ ಕಟಗೊಂಡೆ, ಮುಂದ ಕೈ ಕೂಡ್ತು.”

“ಕೂಡಿಡೂದ್ರಾಗ ಜರಾ ಚೂಕ್ ಆತ್ರಿ...” ಎಂದು ಸಂಜೀವಕುಮಾರ ಹಲ್ಲು ಕಿರಿದ.

ಸ್ನೇಹಲ್ ಒಳಗಿನಿಂದ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ. ಗಂಟನ್ನು ಅಪ್ಪನ ಕೈಗೇ ಮತ್ತೆ ಕೊಟ್ಟು ಚಪ್ಪಲಿ ಮೆಟ್ಟಿದಳು.

“ಸ್ನೇಹಲ್, ಯಾವಾಗ ಬರ್ತಿ?” ಎಂದು ಅವನು ಬಾಗಿಲತನಕ ಓಡಿದ.

“ನಮ್ಮಪ್ಪಗ ಅರವತ್ತೆಂಟು ವರ್ಷ. ಲಂಗೋಟಿ ತೊಳಿಯೋದು ಒಂದೇ ದಿನದಾಗ ಕಲತಾನ. ನಿಮಗ ಎಷ್ಟು ದಿನ ಬೇಕು, ನೋಡಿ ಫೋನ್ ಮಾಡ್ರಿ.”